ಒಗ್ಗರಣೆಗೆ ಮುಂಚೆ ತೆಗೆದಿಡುವ ಸೊಪ್ಪು

(ನಾಯಿ ಸಾಕುವವರಿಗಾಗಿ ಮಡಿಕೇರಿಯಲ್ಲಿ ನಡೆದ ಸಭೆಯೊಂದರಲ್ಲಿ ಪಶುವೈದ್ಯನಾಗಿ ನಾನು ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಇದರಲ್ಲಿ ಸೇರಿಸಿದ್ದೇನೆ.)

ಮಾನ್ಯರೇ,

ಇಂದಿನ ವಿಷಯವನ್ನು ನಾನು ಆರಿಸಿಕೊಂಡದ್ದು ಒಂದು ಪುಟ್ಟ ನಾಯಿಯ ಕಾರಣದಿಂದ. ಏಳು ಕೆ.ಜಿ. ತೂಕದ ಬಿಳಿ ಪೊಮೇರಿಯನ್ ಹೆಣ್ಣುನಾಯಿ ಅದು. ಮಳೆಗಾಲದ ಒಂದು ಬೆಳಿಗ್ಗೆ ಅದನ್ನು ಟವೆಲಿನಲ್ಲಿ ಸುತ್ತಿ ತಂದ ಮನೆಯೊಡತಿ ಬಾಗಿಲಲ್ಲೇ ನಿಂತು, "ಡಾಕ್ಟ್ರೇ, ನಿನ್ನೆಯಿಂದ ಇದರ ಮೂತ್ರ ಕಾಫಿ ಡಿಕಾಕ್ಷನ್ ಹಾಗೆ ಹೋಗ್ತಾ ಉಂಟು" ಎಂದರು. ತುಟಿ ಎತ್ತಿ ನೋಡಿದರೆ ವಸಡಿನಲ್ಲಿ ಕೆಂಪೇ ಇರಲಿಲ್ಲ, ಕಣ್ಣಿನ ಬಿಳಿಭಾಗ ಹಳದಿಗೆ ತಿರುಗಿತ್ತು. ಏನು ತಿನ್ನಿಸಿದಿರಿ ಎಂದು ಕೇಳಿದಾಗ ಅವರು ತುಸು ನೊಂದುಕೊಂಡೇ ಹೇಳಿದರು: "ಒಳ್ಳೇದಾಗಲಿ ಅಂತ ಮೂರು ವಾರದಿಂದ ದಿನಾ ಹರಿವೆ ಸೊಪ್ಪಿನ ಪಲ್ಯ ಅನ್ನಕ್ಕೆ ಕಲಸಿ ಹಾಕಿದ್ದೇನೆ. ಸೊಪ್ಪೇ ಅಲ್ವಾ?"

ಸೊಪ್ಪಿನದ್ದು ತಪ್ಪಿರಲಿಲ್ಲ. ಪಲ್ಯಕ್ಕೆ ಪ್ರತಿದಿನ ಎರಡು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಬೀಳುತ್ತಿದ್ದವು. ಆ ನಾಯಿಯ ರಕ್ತದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಂಪು ರಕ್ತಕಣಗಳ ಅಂಚಿನಲ್ಲಿ ಮೊಗ್ಗಿನಂಥ ಸಣ್ಣ ಉಬ್ಬುಗಳು ಕಾಣಿಸಿದವು. ಹೈಂಜ್ ಕಾಯಗಳೆಂದು ಕರೆಯುವ ಈ ಉಬ್ಬುಗಳು ಈರುಳ್ಳಿಯ ಗಂಧಕಯುಕ್ತ ವಸ್ತುಗಳಿಂದ ಹಿಮೋಗ್ಲೋಬಿನ್ ಕೆಟ್ಟು ಗಂಟುಕಟ್ಟಿದ್ದರ ಗುರುತು. ಇಂಥ ಕಣಗಳು ಬೇಗನೆ ಒಡೆದುಹೋಗುತ್ತವೆ, ಒಡೆದ ಕಣಗಳ ಬಣ್ಣವೇ ಮೂತ್ರದಲ್ಲಿ ಇಳಿಯುತ್ತದೆ. ನಾಯಿ ತನ್ನ ತೂಕದ ಶೇಕಡ 0.5ಕ್ಕಿಂತ ಹೆಚ್ಚು ಈರುಳ್ಳಿಯನ್ನು ಒಂದೇ ಸಲಕ್ಕೆ ತಿಂದರೆ ಅಪಾಯ ಶುರುವಾಗುತ್ತದೆ, ಏಳು ಕೆ.ಜಿ.ಯ ನಾಯಿಗೆ ಇದು 35 ಗ್ರಾಂ, ಅಂದರೆ ಒಂದು ಸಣ್ಣ ಈರುಳ್ಳಿ. ಅದಕ್ಕಿಂತ ಕಡಿಮೆ ಪ್ರಮಾಣವೂ ದಿನ ಬಿಡದೆ ಹೋದರೆ ಹಾನಿ ಕೂಡಿಕೊಳ್ಳುತ್ತಾ ಬರುತ್ತದೆ. ಬೇಯಿಸಿದರೂ, ಹುರಿದರೂ, ಒಣಗಿಸಿ ಪುಡಿ ಮಾಡಿದರೂ ಅದರ ವಿಷ ಹೋಗುವುದಿಲ್ಲ. ಈರುಳ್ಳಿ ಹೂವು, ಎಳೆ ಈರುಳ್ಳಿಯ ಹಸಿರು ಎಲೆ, ಬೆಳ್ಳುಳ್ಳಿಯ ಎಲೆ ಎಲ್ಲವೂ ಇದೇ ಜಾತಿಗೆ ಸೇರಿದವು. ಆ ನಾಯಿ ಉಳಿಯಿತು. ಆದರೆ ಅದರ ವಸಡು ಮತ್ತೆ ಕೆಂಪಾಗುವವರೆಗೆ ಆ ತಾಯಿ ಪಟ್ಟ ಸಂಕಟವನ್ನು ನಾನು ಮರೆತಿಲ್ಲ.

ಆದ್ದರಿಂದ ನಾನು ಈ ದಿನ ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾಯಿಯ ಊಟಕ್ಕೆ ಸೊಪ್ಪು ಸೇರಿಸುವುದು ಒಳ್ಳೆಯದೇ. ಆದರೆ ಆ ಸೊಪ್ಪು ನಮ್ಮ ಪಲ್ಯವಾಗಿರಬಾರದು. ಒಗ್ಗರಣೆ, ಉಪ್ಪು, ಖಾರ ಬೀಳುವ ಮುಂಚೆಯೇ ಬೇರೆ ತೆಗೆದಿಟ್ಟ, ಚೆನ್ನಾಗಿ ಬೆಂದು ನುಣ್ಣಗಾದ ಒಂದು ಸಣ್ಣ ಪಾಲಾಗಿರಬೇಕು. ಯಾವ ಸೊಪ್ಪು, ಹೇಗೆ ಬೇಯಿಸಿದ್ದು, ಯಾವ ನಾಯಿಗೆ ಎಂಬುದನ್ನೆಲ್ಲ ನೋಡಿಕೊಂಡು ಹಾಕಬೇಕು.

ನಾಯಿ ಮಾಂಸಾಹಾರಿ, ಅದಕ್ಕೆ ಸೊಪ್ಪು ಏಕೆ ಎಂದು ಕೇಳುವವರಿದ್ದಾರೆ. ಬೆಕ್ಕಿನ ಮಟ್ಟಿಗೆ ಈ ಮಾತು ಬಹುಪಾಲು ಸರಿ, ನಾಯಿಯ ಮಟ್ಟಿಗೆ ಅರ್ಧ ಮಾತ್ರ ಸರಿ. ಮನುಷ್ಯರ ಜೊತೆ ಸಾವಿರಾರು ವರ್ಷ ಬಾಳಿದ ನಾಯಿಯ ದೇಹ ನಮ್ಮ ಅಡುಗೆಮನೆಗೆ ಒಗ್ಗಿಕೊಂಡಿದೆ. 2013ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿದಾಗ, ಪಿಷ್ಟವನ್ನು ಅರಗಿಸುವ ಅಮೈಲೇಸ್ ಕಿಣ್ವದ ವಂಶವಾಹಿ ತೋಳದಲ್ಲಿ ಎರಡು ಪ್ರತಿಗಳಷ್ಟೇ ಇದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇರುವುದು ಕಂಡುಬಂತು. ಅನ್ನ, ಕಡಂಬುಟ್ಟು, ಅಕ್ಕಿ ಒಟ್ಟಿಯ ತುಂಡು ತಿಂದು ನಮ್ಮ ನಾಯಿಗಳು ಬಾಳುತ್ತಿರುವುದು ಇದರಿಂದಲೇ. ಸೊಪ್ಪಿನ ಹಳದಿ-ಕಿತ್ತಳೆ ವರ್ಣಕವಾದ ಬೀಟಾ ಕ್ಯಾರೊಟಿನನ್ನು ನಾಯಿ ತನ್ನ ದೇಹದಲ್ಲಿ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳಬಲ್ಲದು. ಬೆಕ್ಕಿಗೆ ಆ ಶಕ್ತಿಯಿಲ್ಲ. ವಿಟಮಿನ್ ಸಿ ನಾಯಿಯ ಯಕೃತ್ತಿನಲ್ಲೇ ತಯಾರಾಗುತ್ತದೆ, ಹೊರಗಿನಿಂದ ಬೇಕಿಲ್ಲ. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಡಿ, ಸೊಪ್ಪು ಬೇಯಿಸುವ ಮಾತು ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಅದೇ ನಾಯಿಗೆ ಸೊಪ್ಪಿನ ಜೀವಕೋಶದ ಗೋಡೆಯಾದ ಸೆಲ್ಯುಲೋಸನ್ನು ಒಡೆಯುವ ಕಿಣ್ವವಿಲ್ಲ. ಹಸುವಿನಂತೆ ನಾಲ್ಕು ಕೋಣೆಯ ಹೊಟ್ಟೆಯೂ ಇಲ್ಲ. ದವಡೆ ಮೇಲೆ ಕೆಳಗೆ ಮಾತ್ರ ಆಡುತ್ತದೆ, ಹಸು ಮೆಲುಕು ಹಾಕುವಂತೆ ಅಡ್ಡಡ್ಡ ಅರೆಯುವುದಿಲ್ಲ. ನಲವತ್ತೆರಡು ಹಲ್ಲುಗಳಿದ್ದರೂ ಅವುಗಳಲ್ಲಿ ಹೆಚ್ಚಿನವು ಸೀಳುವುದಕ್ಕೆ ಮತ್ತು ಕತ್ತರಿಸುವುದಕ್ಕೆ. ಎಲೆಕೋಸನ್ನು ಹಸಿಯಾಗಿಯೇ ಉದ್ದುದ್ದ ಹೆಚ್ಚಿ ಹಾಕಿದ ಮನೆಯವರು ಮರುದಿನ ನಾಯಿಯ ಮಲವನ್ನು ಒಂದು ಕಡ್ಡಿಯಿಂದ ಬಿಡಿಸಿ ನೋಡಲಿ. ಹೆಚ್ಚಿದ ಎಳೆಗಳು ಹೆಚ್ಚಿದ ಹಾಗೆಯೇ, ಅಂಚಿನಲ್ಲಿ ಚಾಕುವಿನ ಗುರುತು ಸಹಿತ, ಹೊರಬಂದಿರುತ್ತವೆ. ಅದರೊಳಗಿನ ಕ್ಯಾರೊಟಿನ್, ಫೋಲೇಟ್, ಮೆಗ್ನೀಸಿಯಂ ಯಾವುದೂ ನಾಯಿಗೆ ದಕ್ಕಿಲ್ಲವೆಂದೇ ಅರ್ಥ. ಆ ಗೋಡೆಯನ್ನು ನಾಯಿಯ ಪರವಾಗಿ ನಾವು ಒಡೆದು ಕೊಡಬೇಕು. ಬೆಂಕಿ ಮತ್ತು ಮಿಕ್ಸಿಯ ಕೆಲಸ ಅದು.

ಅರಗದೆ ಉಳಿದ ನಾರು ವ್ಯರ್ಥವೆಂದು ತಿಳಿಯಬಾರದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ನಾರಿನ ಒಂದು ಭಾಗವನ್ನು ಹುದುಗಿಸಿ ಸಣ್ಣ ಕೊಬ್ಬಿನಾಮ್ಲಗಳನ್ನು ಉಂಟುಮಾಡುತ್ತವೆ. ಕರುಳಿನ ಒಳಪದರದ ಕಣಗಳಿಗೆ ಅವೇ ಆಹಾರ. ಮಲ ಹದವಾಗುತ್ತದೆ. ಮಲ ತುಂಬಾ ಮೆತ್ತಗಿದ್ದು ಗುದದ ಪಕ್ಕದ ಗ್ರಂಥಿಗಳು ತುಂಬಿಕೊಂಡು, ನೆಲಕ್ಕೆ ಹಿಂಭಾಗ ಉಜ್ಜುತ್ತಾ ಸಾಗುವ ನಾಯಿಗಳಲ್ಲಿ ಕೆಲವಕ್ಕೆ ಊಟದಲ್ಲಿ ತುಸು ನಾರು ಹೆಚ್ಚಿಸಿದ್ದರಿಂದಲೇ ಗುಣವಾದದ್ದನ್ನು ನಾನು ಕಂಡಿದ್ದೇನೆ.

ಸೊಪ್ಪಿನ ಪರವಾಗಿ ನನ್ನ ಮನಸ್ಸನ್ನು ಗಟ್ಟಿ ಮಾಡಿದ್ದು ಮಾತ್ರ ಬೇರೊಂದು ಅಧ್ಯಯನ. ಸ್ಕಾಟಿಷ್ ಟೆರಿಯರ್ ಎಂಬ ತಳಿಯ ನಾಯಿಗಳಿಗೆ ಮೂತ್ರಕೋಶದ ಕ್ಯಾನ್ಸರ್ ಬರುವ ಸಂಭವ ಬೇರೆ ತಳಿಗಳಿಗಿಂತ ಬಹಳ ಹೆಚ್ಚು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಪಶುವೈದ್ಯರು ಈ ಕ್ಯಾನ್ಸರ್ ಬಂದಿದ್ದ ಟೆರಿಯರ್‌ಗಳ ಊಟವನ್ನು, ಅದು ಬಾರದ ಟೆರಿಯರ್‌ಗಳ ಊಟದ ಜೊತೆ ಹೋಲಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ ಮೂರು ಬಾರಿಯಾದರೂ ಹಸಿರು ಸೊಪ್ಪು ತಿನ್ನುತ್ತಿದ್ದ ನಾಯಿಗಳಲ್ಲಿ ಕ್ಯಾನ್ಸರಿನ ಸಂಭವ ಸುಮಾರು ಶೇಕಡ 90ರಷ್ಟು, ಕ್ಯಾರೆಟ್‌ನಂಥ ಹಳದಿ-ಕಿತ್ತಳೆ ತರಕಾರಿ ತಿನ್ನುತ್ತಿದ್ದವುಗಳಲ್ಲಿ ಸುಮಾರು ಶೇಕಡ 70ರಷ್ಟು ಕಡಿಮೆಯಿತ್ತು. ಇದು ಮನೆಯವರನ್ನು ಕೇಳಿ ತಿಳಿದ ಮಾಹಿತಿ. ನಾಯಿಗಳಿಗೆ ವರ್ಷಗಟ್ಟಲೆ ಸೊಪ್ಪು ತಿನ್ನಿಸಿ ನೋಡಿದ ಪ್ರಯೋಗವಲ್ಲ, ಮತ್ತು ಒಂದೇ ತಳಿಗೆ ಸಂಬಂಧಿಸಿದ್ದು. ಸೊಪ್ಪು ಹಾಕುವಷ್ಟು ಕಾಳಜಿಯಿರುವ ಮನೆಯಲ್ಲಿ ಬೇರೆ ಆರೈಕೆಯೂ ಚೆನ್ನಾಗಿರಬಹುದು ಎಂಬ ಆಕ್ಷೇಪಕ್ಕೂ ಅವಕಾಶವಿದೆ. ಹಾಗಿದ್ದರೂ ಇಷ್ಟು ದೊಡ್ಡ ವ್ಯತ್ಯಾಸವನ್ನು ಕಡೆಗಣಿಸಲು ನನಗೆ ಮನಸ್ಸಿಲ್ಲ.

ಇದೇ ವಿಶ್ವವಿದ್ಯಾಲಯದಿಂದ ಒಂದು ವರ್ಷ ಮೊದಲು, 2004ರಲ್ಲಿ, ಬಂದ ಇನ್ನೊಂದು ಅಧ್ಯಯನವನ್ನು ತೋಟದವರಾದ ನಾವು ಇದರ ಪಕ್ಕದಲ್ಲೇ ಇಟ್ಟು ಓದಬೇಕು. ಕಳೆನಾಶಕ ಸಿಂಪಡಿಸಿದ ಹುಲ್ಲುಹಾಸಿನಲ್ಲಿ ಓಡಾಡಿದ ಸ್ಕಾಟಿಷ್ ಟೆರಿಯರ್‌ಗಳಲ್ಲಿ ಮೂತ್ರಕೋಶದ ಕ್ಯಾನ್ಸರಿನ ಸಂಭವ ಹೆಚ್ಚಿತ್ತೆಂದು ಅದು ಹೇಳಿತು. ಕಾಫಿ ಗಿಡಗಳ ಸಾಲಿನ ನಡುವೆ ಕಳೆನಾಶಕ ಹೊಡೆದ ದಿನ ಸಂಜೆಯೇ ನಾಯಿ ಆ ಸಾಲಿನಲ್ಲಿ ಓಡುತ್ತದೆ, ಒದ್ದೆ ಕಾಲನ್ನು ಮನೆಗೆ ಬಂದು ನೆಕ್ಕುತ್ತದೆ. ಅಂಥ ತೋಟದ ಬದುವಿನಲ್ಲಿ ತಾನಾಗಿ ಹುಟ್ಟಿದ ಹರಿವೆಯನ್ನೋ ಗೋಣಿಸೊಪ್ಪನ್ನೋ ಕಿತ್ತು ತಂದು ಆರೋಗ್ಯಕ್ಕೆಂದು ನಾಯಿಗೆ ಬೇಯಿಸಿ ಹಾಕಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿದುಕೊಂಡಂತೆ. ಸಿಂಪಡಣೆಯಾದ ಜಾಗದ ಸೊಪ್ಪು ಬೇಡ. ಮದ್ದು ಒಣಗುವ ತನಕ ನಾಯಿಯನ್ನು ಕಟ್ಟಿಹಾಕಿ. ಅಕಸ್ಮಾತ್ ಹೋಗಿ ಬಂದರೆ ಕಾಲು ತೊಳೆಯಿರಿ. ಸೋಮವಾರಪೇಟೆ ಕಡೆಯವರು ಆಫ್ರಿಕದ ದೈತ್ಯ ಬಸವನಹುಳುವಿನ ಕಾಟಕ್ಕೆ ಸೊಪ್ಪಿನ ಮಡಿಗಳಲ್ಲಿ ಮೆಟಾಲ್ಡಿಹೈಡ್ ಎಂಬ ವಿಷದ ಕಾಳು ಚೆಲ್ಲುವುದಿದ್ದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆ ಕಾಳಿನ ವಾಸನೆ ನಾಯಿಗೆ ಪ್ರಿಯ, ತಿಂದರೆ ಕೆಲವೇ ಗಂಟೆಗಳಲ್ಲಿ ಮೈ ಅದುರಿ ಸೆಟೆದುಕೊಳ್ಳುತ್ತದೆ.

ಈಗ ಸೊಪ್ಪಿನ ಆಯ್ಕೆಗೆ ಬರೋಣ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಸಿಗುವ ಸೊಪ್ಪುಗಳನ್ನೆಲ್ಲ ನಾಯಿಯ ಮಟ್ಟಿಗೆ ಒಂದೇ ತಕ್ಕಡಿಯಲ್ಲಿ ತೂಗುವ ಹಾಗಿಲ್ಲ. ತೂಕ ಬದಲಾಗುವುದು ಮುಖ್ಯವಾಗಿ ಸೊಪ್ಪಿನಲ್ಲಿರುವ ಆಕ್ಸಲೇಟ್ ಎಂಬ ವಸ್ತುವಿನಿಂದ. ಪಾಲಕ್, ಹರಿವೆ, ದಂಟು, ಬಸಳೆ, ಗೋಣಿಸೊಪ್ಪು ಇವುಗಳಲ್ಲಿ ಆಕ್ಸಲೇಟ್ ಹೆಚ್ಚು. ಇದು ಕರುಳಿನಲ್ಲಿ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಮ್ಮನ್ನು, ಹಿಡಿದುಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತದೆ; ರಕ್ತಕ್ಕೆ ಸೇರಿದ ಆಕ್ಸಲೇಟ್ ಮೂತ್ರದಲ್ಲಿ ಸುಣ್ಣದೊಂದಿಗೆ ಕೂಡಿ ಹರಳಾಗಬಲ್ಲದು. ಆರೋಗ್ಯವಂತ ನಾಯಿಗೆ ವಾರಕ್ಕೊಮ್ಮೆ ಎರಡು ಚಮಚ ಬೆಂದ ಪಾಲಕ್ ಹಾಕಿದರೆ ಮೂತ್ರಪಿಂಡ ಕೆಡುವುದಿಲ್ಲ. ಆದರೆ ಷಿ ಟ್ಸು, ಲಾಸಾ ಆಪ್ಸೊ, ಯಾರ್ಕ್‌ಷೈರ್ ಟೆರಿಯರ್, ಮಿನಿಯೇಚರ್ ಷ್ನಾಜರ್ ತಳಿಗಳಿಗೆ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲಿನ ಬಾಧೆ ಹೆಚ್ಚು. ಈ ತಳಿಗಳಿಗೂ, ಒಮ್ಮೆ ಕಲ್ಲಾಗಿ ಶಸ್ತ್ರಚಿಕಿತ್ಸೆಯಾದ ಯಾವುದೇ ನಾಯಿಗೂ, ಮೂತ್ರಪಿಂಡದ ಕಾಯಿಲೆಯಿರುವ ಮುದಿ ನಾಯಿಗೂ ಈ ಗುಂಪಿನ ಸೊಪ್ಪು ಬೇಡವೇ ಬೇಡ.

ಸಾಮಾನ್ಯ ಬಳಕೆಗೆ ನಾನು ಹೇಳುವುದು ಕೋಸಿನ ಬಳಗವನ್ನು. ಎಲೆಕೋಸು, ನವಿಲುಕೋಸಿನ ಎಳೆ ಎಲೆ, ಮೂಲಂಗಿ ಸೊಪ್ಪು ಇವುಗಳಲ್ಲಿ ಆಕ್ಸಲೇಟ್ ಕಡಿಮೆ. ಇವಕ್ಕೂ ತಮ್ಮದೇ ದೋಷಗಳಿವೆ: ಹೆಚ್ಚಾದರೆ ಹೊಟ್ಟೆಯುಬ್ಬರ, ದುರ್ವಾಸನೆಯ ಗಾಳಿ, ಹಸಿಯಾಗಿ ದೊಡ್ಡ ಪ್ರಮಾಣದಲ್ಲಿ ದಿನವೂ ಕೊಟ್ಟರೆ ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರುವುದಕ್ಕೆ ಅಡ್ಡಿ. ಬೇಯಿಸಿದಾಗ ಎರಡೂ ತಗ್ಗುತ್ತವೆ. ಕುಂಬಳದ ಕುಡಿ, ನುಗ್ಗೆ ಸೊಪ್ಪು, ಒಂದು ಚಿಟಿಕೆ ಕೊತ್ತಂಬರಿ ಸೊಪ್ಪನ್ನು ನಡುನಡುವೆ ಬದಲಿಸಿ ಹಾಕಬಹುದು. ಒಂದೇ ಸೊಪ್ಪನ್ನು ತಿಂಗಳುಗಟ್ಟಲೆ ಹಾಕುವುದಕ್ಕಿಂತ ಬದಲಿಸುವುದು ಯಾವತ್ತೂ ಕ್ಷೇಮ. ವಿಟಮಿನ್ ಸೊಪ್ಪೆಂದು ಹಿತ್ತಲ ಬೇಲಿಗೆ ನೆಟ್ಟಿರುವ ಚಕ್ರಮುನಿಯನ್ನು ಮಾತ್ರ ನಾಯಿಯ ತಟ್ಟೆಯಿಂದ ದೂರವಿಡಿ. ತೂಕ ಇಳಿಸಲು ಅದರ ಹಸಿ ರಸ ಕುಡಿದ ತೈವಾನಿನ ಜನರಲ್ಲಿ 1990ರ ದಶಕದಲ್ಲಿ ಶ್ವಾಸಕೋಶಕ್ಕೆ ಮರಳಿ ಗುಣವಾಗದಂಥ ಹಾನಿಯಾಗಿತ್ತು. ಅಷ್ಟೆಲ್ಲ ಬೇರೆ ಸೊಪ್ಪು ಇರುವಾಗ ಇದರ ಗೊಡವೆ ನಾಯಿಗೆ ಬೇಕಿಲ್ಲ.

ಕಕ್ಕಡ ಎಂಬ ಕೊಡವ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ನಾವು ತಿನ್ನುವ ಕಾಡಿನ ಸೊಪ್ಪುಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಕೆಂಬು, ಅಂದರೆ ಕೆಸುವಿನ ಎಲೆ ಮತ್ತು ದಂಟಿನಲ್ಲಿ ಆಕ್ಸಲೇಟ್ ಸೂಜಿಯಂಥ ಹರಳುಗಳ ರೂಪದಲ್ಲಿರುತ್ತದೆ. ಹುಳಿ ಹಾಕಿ ಹೊತ್ತುಗಟ್ಟಲೆ ಬೇಯಿಸಿ ನಾವು ಆ ತುರಿಕೆಯನ್ನು ಅಡಗಿಸುತ್ತೇವೆ, ಆದರೂ ಒಮ್ಮೊಮ್ಮೆ ಗಂಟಲು ಕೆರೆಯುವುದುಂಟು. ತನ್ನ ಗಂಟಲು ಕೆರೆಯುತ್ತಿದೆ ಎಂದು ನಾಯಿ ಬಾಯಿಬಿಟ್ಟು ಹೇಳಲಾರದು; ಜೊಲ್ಲು ಸುರಿಸಿ, ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತದೆ. ಜಗುಲಿಯ ಕುಂಡದಲ್ಲಿರುವ ಆಂಥೂರಿಯಂ, ಡಿಫೆನ್‌ಬಾಕಿಯಾ ಕೂಡ ಕೆಸುವಿನ ಕುಟುಂಬದವೇ, ಅವುಗಳ ಎಲೆಯಲ್ಲೂ ಅದೇ ಸೂಜಿಗಳಿವೆ. ಜರೀಗಿಡಗಳಲ್ಲಿ ತಿನ್ನುವಂಥದ್ದರ ಪಕ್ಕದಲ್ಲೇ ತಿನ್ನಬಾರದ್ದೂ ಬೆಳೆಯುತ್ತದೆ. ಬ್ರೇಕನ್ ಎಂಬ ಜರೀಗಿಡವನ್ನು ಮೇಯ್ದ ಹಸುಗಳಿಗೆ ಮೂತ್ರಕೋಶದಲ್ಲಿ ಗಡ್ಡೆಯಾಗುವುದು ಪಶುವೈದ್ಯರೆಲ್ಲರಿಗೂ ತಿಳಿದ ಸಂಗತಿ. ಮೂತ್ರಕೋಶದ ಕ್ಯಾನ್ಸರ್ ತಡೆಯಬೇಕೆಂದು ಸೊಪ್ಪು ಹಾಕಹೊರಟವರು ಈ ಸಂದೇಹದ ಸೊಪ್ಪಿಗೆ ಕೈಹಾಕುವುದು ಬೇಡ. ತೆರ್ಮೆ ತೊಪ್ಪು ಎಂಬ ತಿನ್ನುವ ಜರೀಗಿಡದ ಕುಡಿಯನ್ನು ಮನೆಯವರೇ ಸವಿಯಿರಿ. ಬೈಂಬಳೆ, ಅಂದರೆ ಕಳಲೆ, ಸೊಪ್ಪಲ್ಲದಿದ್ದರೂ ಹೇಳಿಬಿಡುತ್ತೇನೆ: ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿದೆ, ಅದನ್ನು ನೆನೆಹಾಕಿದ ನೀರಿನ ಪಾತ್ರೆ ನಾಯಿಗೆ ಎಟಕುವಲ್ಲಿ ಇರಬಾರದು.

ಎಲೆ ತೊಳೆಯುವುದನ್ನು ಮಳೆಗಾಲದಲ್ಲಿ ಲಘುವಾಗಿ ಎಣಿಸಬೇಡಿ. ಗದ್ದೆಯ ಬದು, ಚರಂಡಿಯ ಅಂಚು, ದನದ ಕೊಟ್ಟಿಗೆಯ ಹಿಂಭಾಗ ಇಲ್ಲೆಲ್ಲ ಇಲಿಗಳ ಓಡಾಟವಿರುತ್ತದೆ. ಇಲಿಜ್ವರದ ರೋಗಾಣು ಇಲಿಯ ಮೂತ್ರದಿಂದ ಒದ್ದೆ ಮಣ್ಣಿಗೆ ಸೇರಿ ವಾರಗಟ್ಟಲೆ ಬದುಕಿರುತ್ತದೆ. ನೆಲಕ್ಕೆ ತಾಗಿದ ಎಲೆಗಳನ್ನು ಹಸಿಯಾಗಿ ಹಾಕಬಾರದೆನ್ನುವುದಕ್ಕೆ ಇದೂ ಒಂದು ಕಾರಣ. ಮೂರು ನೀರಿನಲ್ಲಿ ತೊಳೆದು ಕುದಿಸಿದ ಸೊಪ್ಪಿಗೆ ಈ ಭಯವಿಲ್ಲ.

ಈ ಮೇಜಿನ ಮೇಲೆ ನಾನು ತಂದಿಟ್ಟಿರುವುದನ್ನು ಎದುರಿನವರು ನೋಡುತ್ತಿದ್ದೀರಿ, ಹಿಂದಿನವರಿಗಾಗಿ ಹೇಳುತ್ತೇನೆ. ಇದು ಇಂದು ಬೆಳಿಗ್ಗೆ ಬೇಯಿಸಿದ ಒಂದು ಕಟ್ಟು ಪಾಲಕ್. ಪಾತ್ರೆಯಲ್ಲಿ ಧಾರಾಳ ನೀರು ಕುದಿಸಿ, ಹೆಚ್ಚಿದ ಸೊಪ್ಪು ಹಾಕಿ, ಮುಚ್ಚಳ ತೆರೆದಿಟ್ಟು ಐದಾರು ನಿಮಿಷ ಬೇಯಿಸಿ ನೀರು ಬಸಿದದ್ದು. ಬಸಿದ ನೀರು ಈ ಲೋಟದಲ್ಲಿದೆ, ಹಸಿರು ಮಿಶ್ರಿತ ಕಂದು ಬಣ್ಣ. ಸೊಪ್ಪಿನ ಕರಗುವ ಆಕ್ಸಲೇಟಿನ ಒಳ್ಳೆಯ ಪಾಲು ಈ ನೀರಿನಲ್ಲಿದೆ, ಇದನ್ನು ಚೆಲ್ಲಿಬಿಡಬೇಕು. ನಮ್ಮ ಅಡುಗೆಯಲ್ಲಿ ಸೊಪ್ಪು ಬೆಂದ ನೀರನ್ನು ಚೆಲ್ಲುವುದು ಪಾಪವೆಂದೇ ಹಿರಿಯರು ಹೇಳಿಕೊಟ್ಟಿದ್ದಾರೆ, ಬಸ್ಸಾರು ಹುಟ್ಟಿದ್ದೇ ಅದರಿಂದ. ಮನುಷ್ಯನಿಗೆ ಆ ನೀರಿನೊಂದಿಗೆ ವಿಟಮಿನ್ ಸಿ ನಷ್ಟವಾಗುತ್ತದೆಂಬುದು ನಿಜ. ನಾಯಿ ತನ್ನ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದಾದ್ದರಿಂದ ಆ ನಷ್ಟ ಅದಕ್ಕೆ ತಟ್ಟುವುದಿಲ್ಲ, ಅದಕ್ಕೆ ಬೇಕಾದ ಬೀಟಾ ಕ್ಯಾರೊಟಿನ್ ನೀರಿನಲ್ಲಿ ಕರಗದೆ ಎಲೆಯಲ್ಲೇ ಉಳಿಯುತ್ತದೆ. ಆವಿಯಲ್ಲಿ ಬೇಯಿಸಿದರೆ ಸತ್ವ ಉಳಿಯುತ್ತದೆಂಬ ಮಾತು ಎಲೆಕೋಸಿಗೆ ಸರಿ. ಪಾಲಕ್, ಹರಿವೆಗಳಿಗೆ ಆವಿ ಸಾಲದು, ಆಕ್ಸಲೇಟ್ ಎಲೆಯಲ್ಲೇ ನಿಂತುಬಿಡುತ್ತದೆ.

ಹೀಗೆ ಬಸಿದ ಸೊಪ್ಪನ್ನು ಅಂಗೈಯಲ್ಲಿ ಹಿಂಡಿ ನೋಡಿ. ಒಂದು ಕಟ್ಟು ಸೊಪ್ಪು ನಿಂಬೆಹಣ್ಣಿನ ಗಾತ್ರದ ಮುದ್ದೆಯಾಗುತ್ತದೆ. ಇದನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಬೇಕು, ಇಲ್ಲವಾದರೆ ಒರಳಿನಲ್ಲಿ ಜಜ್ಜಬೇಕು. ಬೆರಳುಗಳ ನಡುವೆ ಉಜ್ಜಿದಾಗ ಎಲೆಯ ನರ ಸಿಗದಷ್ಟು ನುಣ್ಣಗಾದರೆ ಸಾಕು. ಕ್ಯಾರೊಟಿನ್ ದೇಹಕ್ಕೆ ಹತ್ತಲು ಕೊಬ್ಬು ಜೊತೆಗಿರಬೇಕು. ಊಟದಲ್ಲಿ ಮೊಟ್ಟೆಯೋ ಮಾಂಸವೋ ಇದ್ದರೆ ಬೇರೆ ಎಣ್ಣೆ ಬೇಡ, ಬರೀ ಅನ್ನವಿದ್ದರೆ ಕಾಲು ಚಮಚ ಕೊಬ್ಬರಿ ಎಣ್ಣೆ ಬೆರೆಸಿ. ಹಂದಿಮಾಂಸದ ಪಂದಿಕರಿಯ ಸಾರನ್ನು ಬಳಸಬೇಡಿ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಖಾರ, ಮೇಲೆ ತೇಲುವ ಕೊಬ್ಬು ಎಲ್ಲ ಇವೆ, ಹಬ್ಬದ ಮರುದಿನ ಮೇದೋಜೀರಕ ಗ್ರಂಥಿಯ ಉರಿಯೂತದಿಂದ ಬೆನ್ನು ಬಾಗಿಸಿ ನಿಂತ ನಾಯಿಗಳನ್ನು ನಾನು ಪ್ರತಿವರ್ಷ ನೋಡುತ್ತೇನೆ.

ಪ್ರಮಾಣ ಎಷ್ಟೆಂಬುದಕ್ಕೆ ಪಶುವೈದ್ಯರು ಒಂದು ನಿಯಮ ಹೇಳುತ್ತಾರೆ: ಸಮತೋಲಿತ ಊಟದ ಮೇಲೆ ನಾವು ಸೇರಿಸುವ ಯಾವುದೇ ಪದಾರ್ಥ ದಿನದ ಕ್ಯಾಲೊರಿಯ ಶೇಕಡ ಹತ್ತನ್ನು ಮೀರಬಾರದು. ತಿಂಡಿಗೆ, ಬಿಸ್ಕತ್ತಿಗೆ ಈ ನಿಯಮ ಸರಿ. ಸೊಪ್ಪಿಗೆ ಇದನ್ನೇ ಅನ್ವಯಿಸಿದರೆ ಎಡವುತ್ತೇವೆ. ಇಪ್ಪತ್ತು ಕೆ.ಜಿ.ಯ ನಾಯಿಗೆ ದಿನಕ್ಕೆ ಸುಮಾರು 1000 ಕ್ಯಾಲೊರಿ ಬೇಕೆಂದುಕೊಂಡರೆ ಅದರ ಹತ್ತರಲ್ಲೊಂದು 100 ಕ್ಯಾಲೊರಿ. ಸೊಪ್ಪಿನ 100 ಗ್ರಾಂನಲ್ಲಿ ಇರುವುದು ಇಪ್ಪತ್ತೈದರ ಆಸುಪಾಸು, ಆದ್ದರಿಂದ ನಿಯಮದ ಪ್ರಕಾರ 400 ಗ್ರಾಂ ಸೊಪ್ಪು ಹಾಕಬಹುದು! ಅಷ್ಟು ಹಾಕಿದ ನಾಯಿಗೆ ಭೇದಿಯಾಗುವುದು ಖಂಡಿತ, ಹೊಟ್ಟೆ ತುಂಬಿ ಮಾಂಸ, ಮೊಟ್ಟೆಯನ್ನು ಅದು ಬಿಟ್ಟುಬಿಡುತ್ತದೆ. ನಾನು ಹೇಳುವ ಅಳತೆ ಹತ್ತು ಕೆ.ಜಿ. ತೂಕಕ್ಕೆ ಅರೆದ ಸೊಪ್ಪು ಒಂದು ದೊಡ್ಡ ಚಮಚ, ವಾರಕ್ಕೆ ಮೂರು ಅಥವಾ ನಾಲ್ಕು ದಿನ. ಮೊದಲ ವಾರ ಅದರ ಅರ್ಧದಿಂದ ಆರಂಭಿಸಿ. ಮಲ ಸ್ವಲ್ಪ ಹಸಿರಾದರೆ ಗಾಬರಿ ಬೇಡ, ನೀರಾದರೆ ನಿಲ್ಲಿಸಿ.

ತೋಟದ ಮನೆಗಳ ಲ್ಯಾಬ್ರಡಾರ್‌ಗಳ ಬಗ್ಗೆ ಎರಡು ಮಾತು ಪ್ರತ್ಯೇಕವಾಗಿ ಹೇಳಬೇಕು. ಎಷ್ಟು ಹಾಕಿದರೂ ಇನ್ನೂ ಬೇಕೆಂದು ತಟ್ಟೆಯ ಮುಂದೆ ಕೂರುವ ಲ್ಯಾಬ್ರಡಾರನ್ನು ಹೊಟ್ಟೆಬಾಕ ಎಂದು ಬೈಯುತ್ತೇವೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದಂತೆ, ಈ ತಳಿಯ ಸುಮಾರು ನಾಲ್ಕರಲ್ಲೊಂದು ನಾಯಿಯಲ್ಲಿ ಹಸಿವು ತಣಿದಿದೆ ಎಂದು ಮಿದುಳಿಗೆ ತಿಳಿಸುವ ವಂಶವಾಹಿಯ ಒಂದು ತುಣುಕೇ ಕಳೆದುಹೋಗಿರುತ್ತದೆ. ಅದರ ಹಸಿವು ನಿಜವಾದ ಹಸಿವು. ಇಂಥ ನಾಯಿಗೆ ಅನ್ನವನ್ನು ಒಂದು ಹಿಡಿ ತಗ್ಗಿಸಿ ಆ ಜಾಗದಲ್ಲಿ ಬೆಂದ ಎಲೆಕೋಸು, ಬೀನ್ಸ್, ಸೊಪ್ಪು ತುಂಬಿದರೆ ತಟ್ಟೆ ತುಂಬಿ ಕಾಣುತ್ತದೆ, ತೂಕ ಏರುವುದಿಲ್ಲ. ತೂಕ ಇಳಿಸಬೇಕಾದ ನಾಯಿಗಷ್ಟೇ ನಾನು ಮೇಲಿನ ಅಳತೆಯನ್ನು ಸಡಿಲಿಸುತ್ತೇನೆ. ಬೆಣ್ಣೆಹಣ್ಣಿನ ಕಾಲದಲ್ಲಿ ಇದೇ ಲ್ಯಾಬ್ರಡಾರ್ ಮರದಡಿ ಬಿದ್ದ ಹಣ್ಣುಗಳನ್ನು ಬೀಜ ಸಮೇತ ನುಂಗುತ್ತದೆ, ಆ ಕೊಬ್ಬು ಮತ್ತು ಕರುಳಿನಲ್ಲಿ ಸಿಕ್ಕಿಕೊಳ್ಳುವ ಬೀಜದ ಮುಂದೆ ನಿಮ್ಮ ಎರಡು ಚಮಚ ಸೊಪ್ಪು ಏನೂ ಮಾಡಲಾರದು. ಮರದಡಿಯನ್ನು ದಿನವೂ ಗುಡಿಸಿಡಿ.

ಮರಿಗಳ ವಿಷಯದಲ್ಲಿ ನನ್ನ ಮಾತು ಕಟ್ಟುನಿಟ್ಟು. ಸೊಪ್ಪಿನಲ್ಲಿ ಸುಣ್ಣದ ಅಂಶವಿದೆಯೆಂದು ಓದಿ, ಬೆಳೆಯುವ ಮರಿಗೆ ಮೂಳೆ ಗಟ್ಟಿಯಾಗಲೆಂದು ಅನ್ನ-ಸೊಪ್ಪು ಹಾಕುವವರಿದ್ದಾರೆ. ಪಾಲಕಿನ ಸುಣ್ಣವನ್ನು ಅದರದೇ ಆಕ್ಸಲೇಟ್ ಹಿಡಿದಿಟ್ಟುಕೊಂಡಿರುತ್ತದೆ, ಮರಿಗೆ ಸಿಗುವುದು ಅತ್ಯಲ್ಪ. ಸುಣ್ಣ ಸಾಲದ ಮರಿ ತನ್ನ ಮೂಳೆಯಿಂದಲೇ ಅದನ್ನು ಕರಗಿಸಿಕೊಳ್ಳುತ್ತದೆ. ಕಾಲು ಬಾಗುತ್ತದೆ, ಜಗುಲಿಯಿಂದ ಹಾರಿದಷ್ಟಕ್ಕೇ ಮೂಳೆ ಮುರಿಯುತ್ತದೆ. ವಿಟಮಿನ್ ಡಿ ಕೂಡ ಬಿಸಿಲಿನಿಂದ ನಾಯಿಗೆ ಸಾಕಷ್ಟು ಸಿಗುವುದಿಲ್ಲ, ಊಟದಿಂದಲೇ ಬರಬೇಕು, ಸೊಪ್ಪಿನಲ್ಲಿ ಅದಿಲ್ಲ. ಮರಿಗೆ ಒಂದು ವರ್ಷ ತುಂಬುವ ತನಕ ಮರಿಗಳಿಗೆಂದೇ ತಯಾರಾದ ಸಮತೋಲಿತ ಆಹಾರ ಕೊಡಿ, ಸೊಪ್ಪಿಗೆ ಅವಸರವಿಲ್ಲ.

ಒಬ್ಬರು ಚೀಟಿ ಕಳಿಸಿದ್ದಾರೆ: ಇಲಿಪಾಷಾಣ ತಿಂದ ನಾಯಿಗೆ ಸೊಪ್ಪಿನ ರಸ ಕುಡಿಸಿದರೆ ವಿಷ ಇಳಿಯುತ್ತದೆಯೇ ಎಂದು. ಈ ನಂಬಿಕೆ ಎಲ್ಲಿಂದ ಬಂತೆಂಬುದನ್ನು ನಾನು ಊಹಿಸಬಲ್ಲೆ. ಬ್ರೋಮಡಿಯೋಲೋನ್‌ನಂಥ ಇಲಿವಿಷಗಳು ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಮತ್ತೆ ಬಳಕೆಗೆ ಬಾರದಂತೆ ಮಾಡುತ್ತವೆ, ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಹೇರಳವಾಗಿದೆ. ಎರಡನ್ನೂ ಕೂಡಿಸಿ ಯಾರೋ ಈ ತೀರ್ಮಾನಕ್ಕೆ ಬಂದಿರಬೇಕು. ಆದರೆ ವಿಷವನ್ನು ಗೆಲ್ಲಲು ಬೇಕಾದ ವಿಟಮಿನ್ ಕೆ1 ಪ್ರಮಾಣ ಸೊಪ್ಪಿನಿಂದ ಪೂರೈಸುವಂಥದ್ದಲ್ಲ, ಚುಚ್ಚುಮದ್ದು ಮತ್ತು ಮಾತ್ರೆಯ ರೂಪದಲ್ಲಿ ವಾರಗಟ್ಟಲೆ ಕೊಡಬೇಕಾಗುತ್ತದೆ. ನಾಯಿ ವಿಷ ತಿಂದ ಮೊದಲ ಎರಡು ಮೂರು ದಿನ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ರಕ್ತಸ್ರಾವ ಆಮೇಲೆ ಶುರುವಾಗುತ್ತದೆ. ಆ ದಿನಗಳನ್ನು ಸೊಪ್ಪು ಅರೆಯುತ್ತಾ ಕಳೆಯಬೇಡಿ, ವಿಷದ ಪೊಟ್ಟಣವನ್ನು ಹಿಡಿದುಕೊಂಡು ಆಸ್ಪತ್ರೆಗೆ ಬನ್ನಿ.

ನಾಯಿ ತಾನಾಗಿ ಹುಲ್ಲು ತಿನ್ನುವುದು ಸೊಪ್ಪಿನ ಕೊರತೆಯಿಂದಲೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿಯಿತ್ತು. ಶೇಕಡ 68ರಷ್ಟು ನಾಯಿಗಳು ದಿನವೂ ಅಥವಾ ವಾರಕ್ಕೊಮ್ಮೆಯಾದರೂ ಹುಲ್ಲು ಅಥವಾ ಗಿಡ ತಿನ್ನುತ್ತಿದ್ದವು. ತಿನ್ನುವ ಮುಂಚೆ ಕಾಯಿಲೆಯ ಲಕ್ಷಣ ತೋರುತ್ತಿದ್ದವು ನೂರರಲ್ಲಿ ಹತ್ತಕ್ಕೂ ಕಡಿಮೆ, ತಿಂದ ಮೇಲೆ ವಾಂತಿ ಮಾಡುತ್ತಿದ್ದವು ಸುಮಾರು 22. ಸಮತೋಲಿತ ಊಟ ತಿನ್ನುವ ನಾಯಿಯೂ ಹುಲ್ಲು ತಿನ್ನುತ್ತದೆ, ತೋಳಗಳೂ ತಿನ್ನುತ್ತವೆ. ಇದು ಅದರ ಸಹಜ ನಡವಳಿಕೆ, ಹುಲ್ಲಿಗೆ ಮದ್ದು ಹೊಡೆದಿರಬಾರದು ಅಷ್ಟೇ.

ಕೊನೆಯ ಪ್ರಶ್ನೆ ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರದು. "ಕಕ್ಕಡ ಪದಿನೆಟ್ಟಿನ ದಿನ ಮನೆಯವರೆಲ್ಲ ಮದ್ದ್ ತೊಪ್ಪಿನ ಪಾಯಸ ಉಣ್ಣುವಾಗ ನಾಯಿಗೂ ಒಂದು ಸೌಟು ಹಾಕುವ ರೂಢಿ ನಮ್ಮಲ್ಲಿ ಉಂಟು, ಅದು ತಪ್ಪಾ?" ಎಂದು ಅವರು ಕೇಳುತ್ತಿದ್ದಾರೆ. ಕಕ್ಕಡದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಆರಂಭದಲ್ಲಿ, ಹದಿನೆಂಟು ಬಗೆಯ ಮದ್ದಿನ ಗುಣ ಆ ಸೊಪ್ಪಿಗೆ ಸೇರುತ್ತದೆಂಬ ನಮ್ಮ ನಂಬಿಕೆಯನ್ನೂ, ಮನೆಯ ನಾಯಿಯನ್ನು ಆ ಪಂಕ್ತಿಗೆ ಸೇರಿಸಿಕೊಂಡ ಪ್ರೀತಿಯನ್ನೂ ನಾನು ಗೌರವಿಸುತ್ತೇನೆ. ಆದರೂ ಹಾಕಬೇಡಿ ಎನ್ನುತ್ತೇನೆ, ಯಜಮಾನರೇ. ಪಾಯಸದ ಬೆಲ್ಲ ಮತ್ತು ತೆಂಗಿನ ಹಾಲು ಒಂದು ಕಾರಣ. ಹೆಚ್ಚಿನ ಕಾರಣ ಅದರ ಬಣ್ಣ. ಮದ್ದ್ ತೊಪ್ಪು ತಿಂದ ಮನುಷ್ಯರ ಮೂತ್ರ ಮರುದಿನ ಕೆಂಪಾಗುವುದು ನಿಮಗೆಲ್ಲ ಗೊತ್ತು, ಮಕ್ಕಳು ಅದನ್ನು ನೋಡಿ ನಗುತ್ತಾರೆ. ನಾಯಿಗೆ ಈರುಳ್ಳಿಯ ವಿಷ ಏರಿದಾಗಲೂ, ಇಲಿವಿಷ ತಿಂದು ರಕ್ತ ಸೋರುವಾಗಲೂ, ಉಣ್ಣಿಯಿಂದ ಬರುವ ಜ್ವರದಲ್ಲೂ ನಮಗೆ ಕಣ್ಣಿಗೆ ಕಾಣಬಹುದಾದ ಸುಳಿವುಗಳಲ್ಲಿ ಮೂತ್ರದ ಬಣ್ಣವೂ ಒಂದು. ಮಳೆಗಾಲದ ನಡುವೆ, ಉಣ್ಣಿ ಇಲಿ ಎರಡೂ ಹೆಚ್ಚಿರುವ ಹೊತ್ತಿನಲ್ಲಿ, ಆ ಸುಳಿವು ಮುಚ್ಚಿಹೋಗಬಾರದು. ಈ ವರ್ಷ ಮನೆಯ ಮಕ್ಕಳು ಯಾರಾದರೂ ಕಣ್ಣುತಪ್ಪಿಸಿ ಹಾಕಿಬಿಟ್ಟರೆ, ಅದರ ಮುಂದಿನ ಎರಡು ದಿನ ಅದರ ಮೂತ್ರದ ಬದಲು ವಸಡನ್ನು ನೋಡಿ. ಬಿಳಿಚಿಕೊಂಡಿದ್ದರೆ ಕರೆತನ್ನಿ, ಪಾಯಸ ತಿಂದಿದೆಯೆಂಬುದನ್ನು ಬಾಗಿಲಲ್ಲೇ ಹೇಳಿಬಿಡಿ.